ನಮ್ಮೂರ ಕಾಲೇಜಿನ ತಂಡ

ಮುದಗಲ್ಲಿನ ಹೆಸರೆತ್ತಿದರೆ ಹೊರಗಿನವರು ಕೋಟೆಯನ್ನು ನೆನೆಯುತ್ತಾರೆ, ಮೊಹರಮ್ಮನ್ನು ನೆನೆಯುತ್ತಾರೆ. ಊರ ಕಾಲೇಜಿನ ಕಬಡ್ಡಿ ತಂಡವನ್ನು ಯಾರೂ ನೆನೆಯರು. ನಾನಾದರೋ ಅದರ ಅಭಿಮಾನಿ. ಪ್ರೌಢಶಾಲೆಯಲ್ಲಿ ನನ್ನಿಂದ ಹಳಗನ್ನಡ ಕಲಿತ ಹುಡುಗರೇ ಅಲ್ಲಿ ತೊಡೆ ತಟ್ಟುವವರು.

1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಆಟವಾಯಿತು. ಚಿನ್ನ ಭಾರತಕ್ಕೇ ಬಂದಿತು. ಈ ಆಟಕ್ಕೆ ಬೇಕಾದುದು ಅಲ್ಪವೇ: 13 ಮೀಟರು ಉದ್ದ, 10 ಮೀಟರು ಅಗಲದ ಅಂಕಣ, ಪಕ್ಷಕ್ಕೆ 7 ಮಂದಿ, ಬಿಗಿಹಿಡಿದ ಒಂದು ಉಸಿರು. ಇಲ್ಲದವರಿಗೂ ಎಟಕುವ ಆಟ.

ಒಮ್ಮೆ ಲಿಂಗಸುಗೂರಿನ ಪಂದ್ಯದಲ್ಲಿ ನಮ್ಮವರು ಬಹಳ ಹಿಂದೆ ಬಿದ್ದರು. ಸೋಲನ್ನು ನೋಡಲಾರದೆ, ಬಸ್ಸಿಗೆ ಹೊತ್ತಾಯಿತೆಂಬ ನೆವದಿಂದ ಎದ್ದುಬಂದೆ. ಮರುದಿನ ತಂಡದ ನಾಯಕ ಬಜಾರಿನಲ್ಲಿ ಸಿಕ್ಕು, “ಸೋತೇವ್ರಿ ಸರ್. ಆದ್ರ ಕಡೀಕ ಇಬ್ಬರನ್ನ ಮುಟ್ಟಿ ಬಂದೆ. ತಿರುಗಿ ನೋಡಿದೆ, ನೀವು ಇರಲಿಲ್ರಿ” ಎಂದ.

ಸೋಲುವ ಪಕ್ಷವೆಂದು ತಿಳಿದೂ ಅದನ್ನು ಬಿಡದ ಪಂಪನ ಕರ್ಣನನ್ನು ಸುಮಾರು 30 ವರ್ಷ ಹೊಗಳಿ ಪಾಠ ಹೇಳಿದವನು ನಾನು! ಆ ಹುಡುಗನಿಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಈಗ ಕೊನೆಯ ಸೀಟಿಯವರೆಗೂ ಕುಳಿತಿರುತ್ತೇನೆ. ಬಸ್ಸು ಹೋದರೆ ಹೋಗಲಿ.