‘ಇದ್ದಲ್ಲೇ ಇರಿ’

ಶಿಫಾರಸು ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಒಬ್ಬರಿಗೆ ಕೆಲಸ ಕೊಡಿಸಲು ಇನ್ನೊಬ್ಬರು ಆಡುವ ಮಾತು ಒಂದು. ತಪಾಸಣೆಗೆ ಬಂದವರು ವರದಿಯ ಕೊನೆಯಲ್ಲಿ ಬರೆದಿಡುವ ಸಲಹೆ ಮತ್ತೊಂದು. ಮೊದಲನೆಯದು ನಮ್ಮಲ್ಲಿ ಬಲು ಬೇಗ ಫಲಿಸುತ್ತದೆ. ಎರಡನೆಯದರ ಗತಿಯೇನು? ಲಂಡನ್ ನಗರದ ಅಗ್ನಿಶಾಮಕ ದಳದ ಕಥೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಬೇಕೆಂದಿದ್ದೇನೆ. ಅಷ್ಟು ದೂರ ಏಕೆ ಹೋಗಬೇಕು ಎನ್ನುವಿರೇನೋ. ಒಂದು ಸೇವೆಗೆ ಹೇಳಿದ್ದೇನು, ಅದು ಮಾಡಿದ್ದೇನು ಎಂಬುದು ಇಷ್ಟು ವಿವರವಾಗಿ ಅಚ್ಚಾಗಿರುವ ಇನ್ನೊಂದು ನಿದರ್ಶನವನ್ನು ನಾನು ಓದಿಲ್ಲ.

2009ರ ಜುಲೈ 3ರಂದು ದಕ್ಷಿಣ ಲಂಡನ್ನಿನ ಲಕನಾಲ್ ಹೌಸ್ ಎಂಬ ಹದಿನಾಲ್ಕು ಅಂತಸ್ತಿನ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಆರು ಜನ ಸತ್ತರು. ಅವರಲ್ಲಿ ಮೂವರು ಮಕ್ಕಳು. ದೂರವಾಣಿಯಲ್ಲಿ ನೆರವು ಬೇಡಿದವರಿಗೆ ನಿಯಂತ್ರಣ ಕೊಠಡಿಯಿಂದ ಬಂದ ಉಪದೇಶ, ‘ಇದ್ದಲ್ಲೇ ಇರಿ’ ಎಂಬುದು. ಇದು ಅವಿವೇಕದ ಮಾತಲ್ಲ. ಕಾಂಕ್ರೀಟಿನ ಕಟ್ಟಡದಲ್ಲಿ ಪ್ರತಿಯೊಂದು ಮನೆಯೂ ಒಂದು ಪೆಟ್ಟಿಗೆಯಿದ್ದಂತೆ; ಒಂದರಲ್ಲಿ ಹುಟ್ಟಿದ ಬೆಂಕಿ ಅಲ್ಲಿಯೇ ಆರಬೇಕು. ಉಳಿದವರೆಲ್ಲ ಒಮ್ಮೆಗೇ ಮೆಟ್ಟಿಲಿಗೆ ನುಗ್ಗಿದರೆ ಮೇಲೇರುವ ಅಗ್ನಿಶಾಮಕರಿಗೂ ದಾರಿಯಿಲ್ಲ, ಇಳಿಯುವವರಿಗೂ ಇಲ್ಲ. ಆದರೆ ಪೆಟ್ಟಿಗೆಯೇ ಒಡೆದಾಗ ಈ ಉಪದೇಶವನ್ನು ಕೈಬಿಡಬೇಕು. ಯಾರು, ಯಾವಾಗ, ಏನನ್ನು ಕಂಡು ಎಂಬುದು ಮೊದಲೇ ಗೊತ್ತಿರಬೇಕು.

ಆ ಸಾವುಗಳ ವಿಚಾರಣೆ ನಡೆಸಿದ ನ್ಯಾಯಾಧಿಕಾರಿಯು 2013ರಲ್ಲಿ ದಳಕ್ಕೆ ಪತ್ರ ಬರೆದು ಸಲಹೆಗಳನ್ನು ಕೊಟ್ಟರು. ಸ್ಥಳದಲ್ಲಿ ಹೊಣೆ ಹೊರುವ ಅಧಿಕಾರಿಗಳ ತರಬೇತಿ, ಎತ್ತರದ ಕಟ್ಟಡಗಳಿಗೆ ಮುಂಚಿತವಾಗಿ ಭೇಟಿಯಿತ್ತು ಮಾಹಿತಿ ಕಲೆಹಾಕುವುದು, ನಿಯಂತ್ರಣ ಕೊಠಡಿಗೂ ಬೆಂಕಿಯ ಸ್ಥಳಕ್ಕೂ ನಡುವಣ ಸಂಪರ್ಕ, ಇವೆಲ್ಲ ಅದರಲ್ಲಿದ್ದುವು. ದಳ ನಿರಾಕರಿಸಲಿಲ್ಲ, ನಿಯಮಗಳನ್ನು ತಿದ್ದಿತು.

2017ರ ಜೂನ್ 14. ಇಪ್ಪತ್ತನಾಲ್ಕು ಅಂತಸ್ತಿನ ಗ್ರೆನ್‌ಫೆಲ್ ಟವರ್. ನಾಲ್ಕನೆಯ ಮಹಡಿಯ ಅಡುಗೆಮನೆಯೊಂದರಲ್ಲಿ ಶೀತಕಪೆಟ್ಟಿಗೆಯಿಂದ ಹೊತ್ತಿದ ಬೆಂಕಿ, ನವೀಕರಣದ ವೇಳೆ ಹೊರಗೋಡೆಗೆ ಹೊದಿಸಿದ್ದ ಹಲಗೆಗಳ ಪಾಲಿಎಥಿಲೀನ್ ತಿರುಳಿಗೆ ತಗುಲಿತು. ಮೊದಲ ಕರೆ ಬಂದದ್ದು ರಾತ್ರಿ 12 ಗಂಟೆ 54 ನಿಮಿಷಕ್ಕೆ. ಒಂದೂವರೆಯಾಗುವ ಮುನ್ನವೇ ಜ್ವಾಲೆ ನೆತ್ತಿ ಮುಟ್ಟಿತ್ತು. ‘ಇದ್ದಲ್ಲೇ ಇರಿ’ ಎಂಬ ಉಪದೇಶವನ್ನು ಸ್ಥಳದಲ್ಲಿ ಹಿಂತೆಗೆದುಕೊಂಡದ್ದು 2 ಗಂಟೆ 47 ನಿಮಿಷಕ್ಕೆ. ಸತ್ತವರು 72 ಜನ. ನಿವೃತ್ತ ನ್ಯಾಯಮೂರ್ತಿ ಸರ್ ಮಾರ್ಟಿನ್ ಮೂರ್-ಬಿಕ್ ಅವರು 2019ರ ಅಕ್ಟೋಬರಿನಲ್ಲಿ ಕೊಟ್ಟ ಮೊದಲ ವರದಿ, ಆ ನಿರ್ಧಾರವನ್ನು 1.30ರಿಂದ 1.50ರೊಳಗೆ ಕೈಗೊಳ್ಳಬಹುದಾಗಿತ್ತು, ಕೈಗೊಳ್ಳಲೂ ಬೇಕಾಗಿತ್ತು ಎಂದು ಹೇಳಿತು. ಅಂದು ಹೊಗೆಯೊಳಗೆ ಮೆಟ್ಟಿಲೇರಿದವರ ಧೈರ್ಯವನ್ನು ಆ ವರದಿ ಶಂಕಿಸಲಿಲ್ಲ. ದುರಂತದ ಮೂಲ ಹೊರಹೊದಿಕೆಯಲ್ಲಿತ್ತು ಎಂಬುದನ್ನೂ ಮರೆಯಲಿಲ್ಲ. ಆದರೆ ಲಕನಾಲ್ ಹೌಸಿನಲ್ಲಿ ಬಯಲಾದ ಕೊರತೆಗಳೇ ಮತ್ತೆ ಕಾಣಿಸಿಕೊಂಡುವು ಎಂಬ ಅದರ ಮಾತನ್ನು ಓದಿ ನಾನು ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಿಯಮ ಕಾಗದದ ಮೇಲೆ ಬದಲಾಗಿತ್ತು. ಕರೆ ಸ್ವೀಕರಿಸುವವರ ಕಿವಿಗೆ, ಸ್ಥಳದಲ್ಲಿದ್ದ ಅಧಿಕಾರಿಯ ಕಣ್ಣಿಗೆ ಅದು ಅಭ್ಯಾಸವಾಗಿ ಇಳಿದಿರಲಿಲ್ಲ.

ವ್ಯಾಕರಣ ಪಾಠ ಹೇಳಿ ಬದುಕಿದವನಿಗೆ ಇಲ್ಲೊಂದು ಚಾಪಲ್ಯ. ‘ಶಿಫಾರಸನ್ನು ಸ್ವೀಕರಿಸಲಾಗಿದೆ’ ಎಂಬ ವಾಕ್ಯವನ್ನು ಗಮನಿಸಿ. ಕರ್ಮಣಿ ಪ್ರಯೋಗ; ಕರ್ತೃ ನಾಪತ್ತೆ. ಸ್ವೀಕರಿಸಿದವರು ಯಾರು, ಮಾಡುವವರು ಯಾರು, ಎಂದಿನೊಳಗೆ? ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ತಪಾಸಣೆಯ ಹಿಂದಿನ ದಿನ ಕೆಂಪು ಬಣ್ಣದ ಬಕೆಟ್ಟುಗಳಿಗೆ ಮರಳು ತುಂಬಿಸುತ್ತಿದ್ದರು. ತಂಡ ಹೋದ ಮೇಲೆ ಆ ಮರಳು ಬ್ಯಾಡ್ಮಿಂಟನ್ ಅಂಗಳಕ್ಕೆ ಹೋಗುತ್ತಿತ್ತು. ದಾಖಲೆಯಲ್ಲಿ ಮಾತ್ರ ಬಕೆಟ್ಟುಗಳು ಸದಾ ತುಂಬಿದ್ದುವು.

ಇಂಗ್ಲೆಂಡಿನಲ್ಲಿ ಅಗ್ನಿಶಾಮಕ ಸೇವೆಗಳ ತಪಾಸಣೆಯನ್ನು 2017ರಲ್ಲಿ ಪೊಲೀಸರ ತಪಾಸಣಾ ಸಂಸ್ಥೆಗೇ ವಹಿಸಿದರು. ಅದಕ್ಕೆ ದಂಡಿಸುವ ಅಧಿಕಾರವಿಲ್ಲ. ಆದರೆ ಶಿಫಾರಸುಗಳ ಬಗ್ಗೆ ತಾನು ಕೈಗೊಳ್ಳುವ ಕ್ರಮವನ್ನು ಸೇವೆಯು ಪ್ರಕಟಿಸಬೇಕು. ಕೈಗೊಳ್ಳದಿದ್ದರೆ ಕಾರಣ ಹೇಳಬೇಕು. ಸಂಸ್ಥೆ ಮರಳಿ ಬಂದು ನೋಡುತ್ತದೆ. ನನಗೆ ಇಡೀ ಏರ್ಪಾಡಿನಲ್ಲಿ ಮೆಚ್ಚುಗೆಯಾದದ್ದು ಈ ಮರಳಿ ಬರುವಿಕೆ. 2019ರ ಡಿಸೆಂಬರಿನಲ್ಲಿ ಅದು ಲಂಡನ್ ದಳ ಬದಲಾವಣೆಯಲ್ಲಿ ಬಹು ನಿಧಾನಿ ಎಂದು ಬರೆಯಿತು. ಗ್ರೆನ್‌ಫೆಲ್ ವರದಿಯಲ್ಲಿ ದಳಕ್ಕೆ ಸಂಬಂಧಿಸಿದ ಶಿಫಾರಸುಗಳು 29. ಅವುಗಳ ಪ್ರಗತಿಯನ್ನೇ ನೋಡಲೆಂದು ಮತ್ತೊಮ್ಮೆ ಬಂದು 2021ರಲ್ಲಿ ವರದಿ ಕೊಟ್ಟಾಗ, ಪೂರ್ಣಗೊಂಡವು ಬೆರಳೆಣಿಕೆಯಷ್ಟು. ದಳದ ಮುಖ್ಯಸ್ಥರಾಗಿ ಆಗ ಇದ್ದವರು ಆಂಡಿ ರೋ. ಗ್ರೆನ್‌ಫೆಲ್ ರಾತ್ರಿ ಸ್ಥಳದ ಹೊಣೆ ವಹಿಸಿಕೊಂಡ ಕೆಲವೇ ನಿಮಿಷಗಳಲ್ಲಿ ಆ ಉಪದೇಶವನ್ನು ಹಿಂತೆಗೆದುಕೊಂಡ ಅಧಿಕಾರಿಯೂ ಅವರೇ.

ಆಮೇಲೆ ಕೆಲಸ ನಡೆಯಿತು. ಹೊಗೆಯ ನಡುವೆ ಜನರನ್ನು ಇಳಿಸಿ ತರಲು ಮುಸುಕುಗಳು ಬಂದುವು. 64 ಮೀಟರ್ ಎತ್ತರದ ಏಣಿವಾಹನ ಬಂದಿತು. ಒಳಗೆ ಸಿಲುಕಿದವರು ಹೇಳಿದ್ದನ್ನು ನಿಯಂತ್ರಣ ಕೊಠಡಿಯಿಂದ ಸ್ಥಳಕ್ಕೆ ಆ ಕ್ಷಣದಲ್ಲೇ ಮುಟ್ಟಿಸುವ ವ್ಯವಸ್ಥೆಯಾಯಿತು. ಇವು ಹಣ ಕೊಟ್ಟರೆ ದೊರೆಯುವ ವಸ್ತುಗಳು. ಕಟ್ಟಡವನ್ನು ಪೂರ್ತಿ ತೆರವು ಮಾಡಿಸುವ ನಿರ್ಧಾರವನ್ನು ಕತ್ತಲಲ್ಲಿ, ಅರ್ಧ ಮಾಹಿತಿಯಲ್ಲಿ ಕೈಗೊಳ್ಳುವ ಮನಸ್ಸನ್ನು ತಯಾರಿಸಲು ಮಾತ್ರ ಕವಾಯತನ್ನು ಮತ್ತೆ ಮತ್ತೆ ಮಾಡಬೇಕಾಯಿತು.

2024ರ ಆಗಸ್ಟ್ 26ರ ಬೆಳಗಿನ ಜಾವ, ಪೂರ್ವ ಲಂಡನ್ನಿನ ಡ್ಯಾಗನ್‌ಹ್ಯಾಮಿನಲ್ಲಿ ಮತ್ತೊಂದು ವಸತಿ ಕಟ್ಟಡ ಹೊತ್ತಿಕೊಂಡಿತು. ಈ ಸಲ ಜನರನ್ನು ಹೊರತಂದರು, ಒಬ್ಬರೂ ಸಾಯಲಿಲ್ಲ. ಎಚ್ಚರಗಂಟೆ ಬಾರಿಸಲಿಲ್ಲವೆಂದು ಕೆಲವು ನಿವಾಸಿಗಳು ದೂರಿದರು. ಆ ಕಟ್ಟಡದ ಹೊರಹೊದಿಕೆ ಅಪಾಯಕರವೆಂದು ಮೊದಲೇ ತಿಳಿದಿತ್ತು. ಗ್ರೆನ್‌ಫೆಲ್ ಉರಿದು ಏಳು ವರ್ಷಗಳಾದರೂ ಅದನ್ನು ತೆಗೆಯುವ ಕೆಲಸ ಇನ್ನೂ ನಡೆಯುತ್ತಲೇ ಇತ್ತು.