ಬೀಜಗಣಿತದಲ್ಲಿ ಅಸಮತೆ



ಬೀಜಗಣಿತವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಸ್ಮರಣೆಗೆ ಬರುವುದು ಸಮೀಕರಣ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತಿರಲು, ಮರೆಯಲ್ಲಿರುವ ಸಂಖ್ಯೆಯು ಇಷ್ಟೇ ಎಂದು ನಿರ್ಣಯಿಸುವುದು ಅದರ ಕೆಲಸ. ಆದರೆ ಸಂಸಾರದ ವ್ಯವಹಾರಗಳಲ್ಲಿ ತಕ್ಕಡಿಯು ಸಮನಾಗಿ ನಿಲ್ಲುವ ಸಂದರ್ಭಗಳು ವಿರಳ. ವೆಚ್ಚವು ವರಮಾನವನ್ನು ಮೀರಬಾರದು. ಮಗುವಿಗೆ ದೊರೆಯುವ ಆಹಾರವು ಇಂತಿಷ್ಟಕ್ಕಿಂತ ಕಡಮೆಯಾಗಬಾರದು. "ಮೀರಬಾರದು", "ಕಡಮೆಯಾಗಬಾರದು" ಎಂಬ ಈ ಎರಡು ಮಾತುಗಳನ್ನು ಗಣಿತದ ಭಾಷೆಯಲ್ಲಿ ಹೇಳಿದರೆ ಅದೇ ಅಸಮತೆ. ಅವ್ಯಕ್ತ ಸಂಖ್ಯೆಯ ವರ್ಗ, ಘನ ಮೊದಲಾದುವು ಬಾರದೆ, ಆ ಸಂಖ್ಯೆ ಮಾತ್ರವೇ ಬರುವ ಸರಳವಾದ ಅಸಮತೆಗೆ ರೇಖಾತ್ಮಕ ಅಸಮತೆಯೆಂದು ಹೆಸರು.

"ಸಮ" ಎಂಬುದರ ಚಿಹ್ನೆಯನ್ನು ರಾಬರ್ಟ್ ರೆಕಾರ್ಡನು 1557ರಲ್ಲಿ ಬಳಕೆಗೆ ತಂದನು. "ಹೆಚ್ಚು", "ಕಡಮೆ" ಎಂಬುವುಗಳ ಚಿಹ್ನೆಗಳು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ಟನು ತೀರಿಕೊಂಡ 10 ವರ್ಷಗಳ ಮೇಲೆ ಪ್ರಕಟವಾದ ಅವನ ಗ್ರಂಥದಲ್ಲಿ.

ಬಾನುಲಿಯಲ್ಲಿ ಕಪ್ಪುಹಲಗೆಯಿಲ್ಲ, ಆದುದರಿಂದ ಮಾತಿನಲ್ಲಿಯೇ ಒಂದು ಲೆಕ್ಕವನ್ನು ಮಾಡೋಣ. ಒಬ್ಬ ವಿದ್ಯಾರ್ಥಿಯ ಬಳಿ 50 ರೂಪಾಯಿ ಇದೆ. ಒಂದು ನೋಟುಪುಸ್ತಕದ ಬೆಲೆ 8 ರೂಪಾಯಿ. ಮನೆಗೆ ಹಿಂದಿರುಗಲು ಕೈಯಲ್ಲಿ 10 ರೂಪಾಯಿಗೆ ಕಡಮೆಯಿಲ್ಲದಂತೆ ಉಳಿಯಬೇಕು. ಅವನು ಎಷ್ಟು ಪುಸ್ತಕ ಕೊಳ್ಳಬಹುದು? ಪುಸ್ತಕಗಳ ಸಂಖ್ಯೆಯ 8ರಷ್ಟಕ್ಕೆ 10ನ್ನು ಸೇರಿಸಿದರೆ 50ನ್ನು ಮೀರಬಾರದು. ಎರಡು ಪಕ್ಕಗಳಿಂದಲೂ 10ನ್ನು ಕಳೆಯೋಣ. 8ರಷ್ಟು 40ನ್ನು ಮೀರಬಾರದು. ಎರಡನ್ನೂ 8ರಿಂದ ಭಾಗಿಸೋಣ. ಪುಸ್ತಕಗಳು 5ನ್ನು ಮೀರಬಾರದು. ಇಲ್ಲಿಯವರೆಗೆ ಸಮೀಕರಣದ ಮಾರ್ಗವೇ. ಭೇದವಿರುವುದು ಉತ್ತರದಲ್ಲಿ. ಐದು ಮಾತ್ರವಲ್ಲ, ನಾಲ್ಕೂ ಸರಿ, ಮೂರೂ ಸರಿ, ಒಂದನ್ನೂ ಕೊಳ್ಳದಿರುವುದೂ ಸರಿ. ಅಸಮತೆಯು ಒಂದು ಸಂಖ್ಯೆಯನ್ನು ಆರಿಸಿಕೊಡದೆ, ನಾವು ಸ್ವತಂತ್ರವಾಗಿ ಸಂಚರಿಸಬಹುದಾದ ಪ್ರದೇಶದ ಎಲ್ಲೆಯನ್ನು ಗುರುತಿಸಿಕೊಡುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. 50ರಿಂದ ಪುಸ್ತಕಗಳ 8ರಷ್ಟನ್ನು ಕಳೆದರೆ ಉಳಿಯುವುದು 10ಕ್ಕಿಂತ ಕಡಮೆಯಾಗಬಾರದು. ಎರಡು ಪಕ್ಕಗಳಿಂದ 50ನ್ನು ಕಳೆದರೆ, ಋಣ 8ರಷ್ಟು ಋಣ 40ಕ್ಕಿಂತ ಕಡಮೆಯಾಗಬಾರದು ಎಂದಾಯಿತು. ಈಗ ಋಣ 8ರಿಂದ ಭಾಗಿಸಬೇಕು. ವಿದ್ಯಾರ್ಥಿಗಳು ಎಡವುವುದು ಈ ಸ್ಥಳದಲ್ಲಿಯೇ. ಚಿಹ್ನೆಯನ್ನು ಇದ್ದಂತೆಯೇ ಬಿಟ್ಟರೆ, ಪುಸ್ತಕಗಳು ಐದಕ್ಕೆ ಕಡಮೆಯಾಗಬಾರದೆಂಬ ಉತ್ತರ ಬರುತ್ತದೆ. ಆರು ಪುಸ್ತಕ ಕೊಂಡವನ ಕೈಯಲ್ಲಿ ಉಳಿಯುವುದು ಎರಡೇ ರೂಪಾಯಿ. ಅವನು ಮನೆಗೆ ನಡೆದೇ ಹೋಗಬೇಕಾದೀತು!

ಋಣಸಂಖ್ಯೆಯಿಂದ ಗುಣಿಸಿದಾಗಲೂ ಭಾಗಿಸಿದಾಗಲೂ ಅಸಮತೆಯ ಚಿಹ್ನೆಯು ತಿರುಗಬೇಕೆಂಬ ನಿಯಮವನ್ನು ಕಂಠಪಾಠ ಮಾಡಬೇಕಾದುದಿಲ್ಲ. ಕಾರಣವು ನಮ್ಮ ಪರಿಭಾಷೆಯಲ್ಲಿಯೇ ಅಡಗಿದೆ. ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ಈ ಸಂಖ್ಯೆಗಳನ್ನು ಧನ, ಋಣ ಎಂದೇ ಕರೆದನು. ಎಂದರೆ ಸಂಪತ್ತು ಮತ್ತು ಸಾಲ. ಮೂರು ರೂಪಾಯಿ ಉಳ್ಳವನಿಗಿಂತ ಐದು ರೂಪಾಯಿ ಉಳ್ಳವನು ಅನುಕೂಲಸ್ಥ. ಆದರೆ ಮೂರು ರೂಪಾಯಿ ಸಾಲಗಾರನಿಗಿಂತ ಐದು ರೂಪಾಯಿ ಸಾಲಗಾರನು ಬಡವ. ಧನವು ಋಣವಾದೊಡನೆ ಮೇಲಿದ್ದವನು ಕೆಳಗಾದನು. ಚಿಹ್ನೆಯು ತಿರುಗುವುದೆಂದರೆ ಇಷ್ಟೇ.

ಅವ್ಯಕ್ತಗಳು ಎರಡಾದರೆ ವಿಷಯವು ಇನ್ನೂ ಸ್ವಾರಸ್ಯವಾಗುತ್ತದೆ. ಧಾನ್ಯದ ಒಂದು ಅಳತೆಯಲ್ಲಿ ಶಕ್ತಿ 3 ಪಾಲು, ಸಸಾರಜನಕ 1 ಪಾಲು. ಬೇಳೆಯ ಒಂದು ಅಳತೆಯಲ್ಲಿ ಶಕ್ತಿ 2 ಪಾಲು, ಸಸಾರಜನಕ 3 ಪಾಲು ಇರುವುವೆಂದು ಭಾವಿಸೋಣ. ಶಕ್ತಿಯು 18ಕ್ಕೂ ಸಸಾರಜನಕವು 13ಕ್ಕೂ ಕಡಮೆಯಾಗಬಾರದು. ಗ್ರಾಫ್ ಕಾಗದದ ಮೇಲೆ ಪ್ರತಿಯೊಂದು ನಿಬಂಧನೆಯೂ ಒಂದು ಸರಳರೇಖೆಯಾಗಿ, ಅದರ ಒಂದು ಪಕ್ಕವು ಮಾತ್ರ ನಮಗೆ ಗ್ರಾಹ್ಯವಾಗುತ್ತದೆ. ಎರಡು ನಿಬಂಧನೆಗಳಿಗೂ ಒಪ್ಪುವ ಪ್ರದೇಶಕ್ಕೆ ಮೂರು ಮೂಲೆಗಳುಂಟು: ಧಾನ್ಯವೇ 13 ಅಳತೆ, ಬೇಳೆಯೇ 9 ಅಳತೆ, ಇಲ್ಲವೆ ಧಾನ್ಯ 4, ಬೇಳೆ 3. ಧಾನ್ಯದ ಅಳತೆಗೆ 40 ರೂಪಾಯಿ, ಬೇಳೆಗೆ 60 ಆದರೆ, ಇವುಗಳ ಬೆಲೆ ಕ್ರಮವಾಗಿ 520, 540 ಮತ್ತು 340 ರೂಪಾಯಿ. ಸಮಾನ ಬೆಲೆಯ ಬಿಂದುಗಳೆಲ್ಲವೂ ಒಂದು ಸರಳರೇಖೆಯ ಮೇಲಿರುತ್ತವೆ. ಆ ರೇಖೆಯನ್ನು ಅಗ್ಗದ ಕಡೆಗೆ ಸಮಾಂತರವಾಗಿ ಸರಿಸುತ್ತ ಹೋದರೆ ಅದು ಕೊನೆಯದಾಗಿ ಪ್ರದೇಶವನ್ನು ಮುಟ್ಟುವುದು ಮೂಲೆಯಲ್ಲಿಯೇ. ಆದಕಾರಣ ಅಸಂಖ್ಯಾತ ಬಿಂದುಗಳನ್ನು ಬಿಟ್ಟು ಮೂಲೆಗಳನ್ನು ಪರೀಕ್ಷಿಸಿದರೆ ಸಾಕು.

ಇದು ಪಾಠಶಾಲೆಯ ವಿನೋದವೆಂದು ತಿಳಿಯಬಾರದು. ಅಮೆರಿಕಾದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರನು 77 ಆಹಾರಪದಾರ್ಥಗಳನ್ನೂ 9 ಪೋಷಕಾಂಶಗಳನ್ನೂ ತೆಗೆದುಕೊಂಡು, ಒಬ್ಬನ ವರ್ಷದ ಆಹಾರಕ್ಕೆ 1939ರ ಬೆಲೆಗಳಲ್ಲಿ 39.93 ಡಾಲರು ಸಾಕಾಗುವುದೆಂದು 1945ರಲ್ಲಿ ಪ್ರಕಟಿಸಿದನು. 1947ರಲ್ಲಿ ಜಾರ್ಜ್ ಡಾನ್ಟ್‌ಜಿಗ್ ಎಂಬ ವಿದ್ವಾಂಸನು ಮೂಲೆಯಿಂದ ಮೂಲೆಗೆ ಕ್ರಮವಾಗಿ ಸಾಗುವ ವಿಧಾನವನ್ನು ಕಂಡುಹಿಡಿದನು. ಅದೇ ವರ್ಷ ಅದರ ಪ್ರಕಾರ ಒಂಬತ್ತು ಮಂದಿ ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳಿಂದ, ಒಬ್ಬಾಳಿನ ಸುಮಾರು 120 ದಿನಗಳ ದುಡಿಮೆಯಲ್ಲಿ, 39.69 ಡಾಲರೆಂಬ ನಿಖರವಾದ ಉತ್ತರವನ್ನು ಪಡೆದರು. ಸ್ಟಿಗ್ಲರನ ಅಂದಾಜಿಗೂ ಇದಕ್ಕೂ ವ್ಯತ್ಯಾಸವು ಕೇವಲ 24 ಸೆಂಟು.

ಆದರೆ ಸ್ಟಿಗ್ಲರನ ಪಟ್ಟಿಯಲ್ಲಿ ಉಳಿದುವು ಗೋಧಿಹಿಟ್ಟು, ಡಬ್ಬಿಯ ಹಾಲು, ಎಲೆಕೋಸು, ಪಾಲಕ್, ಒಣಹುರುಳಿಕಾಯಿಯ ಬೀಜ, ಇವು ಐದೇ. ಇಂತಹ ಊಟವನ್ನು ಅವನೇ ಯಾರಿಗೂ ವಿಧಿಸಲಿಲ್ಲ. ರುಚಿಯೆಂಬ ನಿಬಂಧನೆಯನ್ನು ಬರೆದಿರಲಿಲ್ಲವಾದುದರಿಂದ ಗಣಿತವು ಅದನ್ನು ಗಣಿಸಲಿಲ್ಲ. ಬರೆದ ಎಲ್ಲೆಗಳನ್ನು ಗಣಿತವು ಕೂದಲೆಳೆಯಷ್ಟೂ ತಪ್ಪದೆ ಪಾಲಿಸುತ್ತದೆ. ಬರೆಯದೆ ಬಿಟ್ಟುದನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಕಾರ್ಖಾನೆಯ ಲೆಕ್ಕದಲ್ಲಾಗಲಿ, ಸರ್ಕಾರದ ಪಡಿತರದ ಲೆಕ್ಕದಲ್ಲಾಗಲಿ, "ಇದಕ್ಕಿಂತ ಕಡಮೆಯಾಗಬಾರದು" ಎಂಬ ಸಾಲನ್ನು ಬಡವನ ಪರವಾಗಿ ಬರೆಯತಕ್ಕವರು ಮನುಷ್ಯರೇ. ಅಸಮತೆಯನ್ನು ಬಿಡಿಸುವುದು ಗಣಿತಜ್ಞನ ಕೆಲಸ. ಅದನ್ನು ಬರೆಯುವುದು ವಿದ್ಯಾವಂತರೆಲ್ಲರ ಹೊಣೆ.