ಹತ್ತು ಜನರ ಹಣ ಯಾವ ಕಟ್ಟೆಗೆ?

(ಚಿಕ್ಕಮಗಳೂರಿನಲ್ಲಿ ಕ್ಯೂರಿಂಗ್ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಗುಡ್ಡಗಳ ಕಾಫಿಯಲ್ಲಿ ಬಹುಪಾಲು ಬೀಜವಾಗಿಯೇ ಊರು ಬಿಟ್ಟು ಹೋಗುತ್ತದೆ. ಹಣ್ಣು ಕೊಯ್ಯುವವರು ನಮ್ಮವರು, ಕಣದಲ್ಲಿ ಒಣಗಿಸುವವರು ನಮ್ಮವರು, ಕ್ಯೂರಿಂಗಿನಲ್ಲಿ ಕಾಳು ಆರಿಸುವವರು ನಮ್ಮ ಅಕ್ಕತಂಗಿಯರು. ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಲಾಭ ಎಣಿಸುವವರು ಮಾತ್ರ ಬೇರೆ. ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಲೇಬೇಕೆಂಬ ಹಳೆಯ ಕಟ್ಟು 1996ರ ಹೊತ್ತಿಗೆ ಪೂರ್ತಿ ಕಳಚಿತು. ಅಂದಿನಿಂದ ಬೆಳೆದವನು ತಾನೇ ಮಾರಬಹುದು. ಆದರೆ ಮಾರುವ ಸ್ವಾತಂತ್ರ್ಯ ಬಂದರೆ ಸಾಲದು, ಹುರಿಯುವ ಯಂತ್ರ ಕೊಳ್ಳಲು ದುಡ್ಡು ಬೇಕು.

ಈಗ ನಮ್ಮ ಹುಡುಗರೂ ಹುಡುಗಿಯರೂ ಕೂಡಿ ಆ ಕೆಲಸಕ್ಕೆ ಕೈಹಾಕಲು ಮುಂದೆ ಬರುತ್ತಿದ್ದಾರೆ. ಬ್ಯಾಂಕು ಜಾಮೀನು ಕೇಳುತ್ತದೆ. ಲೈನುಮನೆಯಲ್ಲಿ ಬೆಳೆದವರು ಏನನ್ನು ತಂದು ಜಾಮೀನು ಇಟ್ಟಾರು? ಆದುದರಿಂದ ಅವರು ಅಂತರಜಾಲದ ಮೂಲಕ ಹತ್ತಾರು ಜನರಿಂದ ಚೂರುಚೂರು ಹಣ ಎತ್ತುವ ಕ್ರೌಡ್‌ಫಂಡಿಂಗ್ ಪದ್ಧತಿಯ ಕಡೆ ನೋಡುತ್ತಿದ್ದಾರೆ. ಯಾವ ವೇದಿಕೆ ಒಳ್ಳೆಯದು ಎಂದು ನಮ್ಮನ್ನು ಕೇಳುತ್ತಾರೆ. ಹಣ ಕೊಡಿರೆಂದು ಅವರು ಮೊದಲು ಬರುವುದು ತಮ್ಮ ಬಳಿಗೇ ಆದುದರಿಂದ, ಈ ಪ್ರಶ್ನೆ ಅವರದೆಷ್ಟೋ ತಮ್ಮದೂ ಅಷ್ಟೇ.

ಹೆಸರು ಹೊಸದಾದರೂ ಕೆಲಸ ಹಳೆಯದು. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ರೈತರು ಪಾಲು ಹಾಕಿ ಸಹಕಾರ ಸಂಘ ಕಟ್ಟಿದರು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿ ಅವುಗಳನ್ನು ವಹಿಸಿಕೊಂಡರು. ಬೆಂಗಳೂರಿನ ಸಂಘ 1957ರದು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ 1976ರಲ್ಲಿ ‘ಮಂಥನ’ ಚಿತ್ರವನ್ನು ತೆರೆಗೆ ತಂದರು. ನಮ್ಮ ಕನ್ನಡದಲ್ಲೇ ಪವನ್ ಕುಮಾರ್ ಅವರು ತಮ್ಮ ಬ್ಲಾಗಿನಲ್ಲಿ ಬರೆದು ಕೇಳಿದಾಗ, 27 ದಿನಗಳಲ್ಲಿ 110 ಮಂದಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ‘ಲೂಸಿಯಾ’ ಬಿಡುಗಡೆಯಾಯಿತು.

ಇವುಗಳಲ್ಲಿ ಸಮಾನವಾದುದೇನು? ಪ್ರತಿಯೊಂದರಲ್ಲೂ ಜನ ಮೊದಲಿದ್ದರು, ಹಣ ಆಮೇಲೆ ಬಂತು. ಹಾಲಿನವರಿಗೆ ಸಂಘವಿತ್ತು, ಚಿತ್ರದವರಿಗೆ ಓದುಗರಿದ್ದರು. ವೇದಿಕೆ ಎಂಬುದು ಸಂತೆಯ ಕಟ್ಟೆಯಂತೆ. ಕಟ್ಟೆ ಹಿಡಿದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲವೆಂಬುದನ್ನು ವರ್ತಕ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹೀಗೆ ಎತ್ತುವ ಹಣ ನಾಲ್ಕು ಬಗೆಯದು. ಯಾವ ಬಗೆಯೆಂದು ತೀರ್ಮಾನವಾಗದೆ ವೇದಿಕೆಯ ಮಾತು ಆಡಿ ಫಲವಿಲ್ಲ.

ಮೊದಲನೆಯದು ದಾನ. ಮಿಲಾಪ್, ಕೆಟ್ಟೊ ಮೊದಲಾದ ವೇದಿಕೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಅಲ್ಲಿ ಜನ ಕೊಡುವುದು ಮುಖ್ಯವಾಗಿ ಚಿಕಿತ್ಸೆಗೆ, ಆಪತ್ತಿಗೆ, ವಿದ್ಯಾಭ್ಯಾಸಕ್ಕೆ. ಮಗುವಿನ ಶಸ್ತ್ರಚಿಕಿತ್ಸೆಯ ಮೊರೆಯ ಪಕ್ಕದಲ್ಲಿ ಕಾಫಿಪುಡಿಯ ವ್ಯಾಪಾರಕ್ಕೆ ಕೈಚಾಚಿದರೆ ಫಲವೂ ಇಲ್ಲ, ಶೋಭೆಯೂ ಇಲ್ಲ.

ಎರಡನೆಯದು ಮುಂಗಡ. ಇಂದು ಹಣ ಪಡೆದು, ಯಂತ್ರ ಬಂದ ಮೇಲೆ ಪುಡಿ ಕಳಿಸುವುದು. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಈ ಬಗೆಗೆ ಹೆಸರಾದುದು. ಗುರಿ ಮುಟ್ಟದಿದ್ದರೆ ಅಲ್ಲಿ ಯಾರ ಹಣವನ್ನೂ ಕಡಿತ ಮಾಡುವುದಿಲ್ಲ. ಮುಟ್ಟಿದರೆ ನೂರಕ್ಕೆ 5 ವೇದಿಕೆಗೆ, ಹಣ ಸಾಗಿಸುವ ವೆಚ್ಚ ಬೇರೆ. ಆದರೆ ಭಾರತದಲ್ಲಿರುವವರು ನೇರವಾಗಿ ಅಲ್ಲಿ ಹಣ ಎತ್ತಲು ಅವಕಾಶವಿಲ್ಲ. ವಿದೇಶದ ನೆಂಟರ ಹೆಸರಿನಲ್ಲಿ ಎತ್ತುವ ಉಪಾಯ ಹೇಳುವವರಿದ್ದಾರೆ. ಆಗ ಹಣದ ಒಡೆತನ, ತೆರಿಗೆ, ಹೊಣೆ ಎಲ್ಲವೂ ನೆಂಟರ ತಲೆಗೆ ಬರುತ್ತದೆ. ಮೊದಲ ಪ್ರಯತ್ನಕ್ಕೆ ಆ ತೊಡಕು ಬೇಡ.

ಮೂರನೆಯದು ಸಾಲ. ಒಬ್ಬರಿಂದ ಒಬ್ಬರಿಗೆ ಸಾಲ ಕೊಡಿಸುವ ಜಾಲತಾಣಗಳಿಗೆ ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿದೆ, ಅವು ನೋಂದಣಿ ಪಡೆದಿರಲೇಬೇಕು. ಸಾಲ ಮುಳುಗಿದರೆ ನಷ್ಟ ಕೊಟ್ಟವನದು, ಜಾಲತಾಣದ್ದಲ್ಲ. ಯಂತ್ರ ತಿರುಗುವ ಮೊದಲೇ ಕಂತು ತಿರುಗತೊಡಗುವ ಈ ಮಾರ್ಗ ಹೊಸಬರಿಗೆ ಭಾರ.

ನಾಲ್ಕನೆಯದು ಪಾಲು. ಇಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ‘ಸಾವಿರ ಹಾಕಿ, ನಮ್ಮ ಕಂಪನಿಯಲ್ಲಿ ಪಾಲುದಾರರಾಗಿ’ ಎಂದು ಖಾಸಗಿ ಕಂಪನಿ ಊರಿಗೆಲ್ಲ ಸಾರುವಂತಿಲ್ಲ. 2013ರ ಕಂಪನಿ ಕಾಯಿದೆಯ ಪ್ರಕಾರ ಗುರುತಿಸಿದ ವ್ಯಕ್ತಿಗಳಿಗೆ ಮಾತ್ರ, ವರ್ಷಕ್ಕೆ 200 ಮಂದಿಯ ಮಿತಿಯಲ್ಲಿ, ಜಾಹೀರಾತಿಲ್ಲದೆ ಪಾಲು ಕೊಡಬೇಕು. ಈ ವಿಷಯದಲ್ಲಿ ಸೆಬಿ 2014ರಲ್ಲಿ ಚರ್ಚಾಪತ್ರ ಹೊರಡಿಸಿತು. 2016ರಲ್ಲಿ, ಅನುಮತಿಯಿಲ್ಲದ ಜಾಲತಾಣಗಳ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಹಣವನ್ನು ಇಷ್ಟು ಬಡ್ಡಿಯೊಡನೆ ಹಿಂತಿರುಗಿಸುತ್ತೇವೆಂದು ಊರವರಿಂದ ಠೇವಣಿ ಎತ್ತಿದರೆ 2019ರ ಕಾಯಿದೆ ಅಡ್ಡ ಬರುತ್ತದೆ. ಒಳ್ಳೆಯ ಉದ್ದೇಶದಿಂದ ಹೊರಟ ಹುಡುಗರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬಾರದು.

ಆದುದರಿಂದ ಮೊದಲ ಪ್ರಯತ್ನಕ್ಕೆ ತಕ್ಕುದು ಮುಂಗಡವೇ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದರ ಲೆಕ್ಕವನ್ನು ಸರಿಯಾಗಿ ಹಾಕಬೇಕು. ಅರ್ಧ ಕಿಲೋ ಪುಡಿಗೆ 500 ರೂಪಾಯಿ ಮುಂಗಡವೆಂದಿಟ್ಟುಕೊಳ್ಳೋಣ. ಸಾವಿರ ಮಂದಿ ಕೊಟ್ಟರೆ 5 ಲಕ್ಷ. ಯಂತ್ರ ಬಂದೇಬಿಟ್ಟಿತೆಂದು ಹಿಗ್ಗಬಹುದೇ? ಬೀಜ, ಪೊಟ್ಟಣ, ಅಂಚೆ ಸೇರಿ 350 ರೂಪಾಯಿ ಖರ್ಚಾದರೆ, ವೇದಿಕೆಗೆ ನೂರಕ್ಕೆ 5ರಂತೆ 25, ಹಣ ಸಾಗಿಸಲು ನೂರಕ್ಕೆ 3ರಂತೆ 15 ಹೋದರೆ, ಉಳಿಯುವುದು 110. ಸಾವಿರ ಮಂದಿಯಿಂದ ಯಂತ್ರಕ್ಕೆ ದಕ್ಕಿದ್ದು 1 ಲಕ್ಷ 10 ಸಾವಿರ ಮಾತ್ರ. ಉಳಿದುದು ಗಿರಾಕಿಯ ಪುಡಿಗೆ ಮೀಸಲಾದ ಹಣ. ಅದನ್ನೂ ಯಂತ್ರಕ್ಕೆ ಸುರಿದವನು ಪುಡಿಯನ್ನು ಎಲ್ಲಿಂದ ತರುತ್ತಾನೆ? ಎಷ್ಟೋ ಹೊಸ ಉದ್ಯಮಗಳು ಎಡವುವುದು ಇಲ್ಲಿಯೇ. ಮೊದಲ ಸಲ ಯಂತ್ರದ ಆಸೆ ಬಿಟ್ಟು, ಹುರಿಯುವ ಕೆಲಸವನ್ನು ಬಾಡಿಗೆಗೆ ಮಾಡಿಸಿ, ಇನ್ನೂರು ಮುನ್ನೂರು ಗಿರಾಕಿಗಳನ್ನು ಗಳಿಸಿಕೊಂಡರೆ ಅದೇ ದೊಡ್ಡ ಬಂಡವಾಳ.

ಇನ್ನು ವೇದಿಕೆಗೆ ಕೇಳಬೇಕಾದ ಪ್ರಶ್ನೆಗಳು. ಗುರಿ ಮುಟ್ಟದಿದ್ದರೆ ಹಣ ಕೊಟ್ಟವನಿಗೆ ತಾನಾಗಿಯೇ ಹಿಂತಿರುಗುತ್ತದೆಯೇ, ಅಥವಾ ಬಂದಷ್ಟನ್ನು ಇಟ್ಟುಕೊಳ್ಳಬಹುದೇ? ಹಿಂತಿರುಗಿಸುವ ವೇದಿಕೆಯನ್ನೇ ಆರಿಸಬೇಕು. ಅರ್ಧ ಹಣದಲ್ಲಿ ಪೂರ್ತಿ ಕೆಲಸ ಆಗುವುದಿಲ್ಲ, ಮಾತು ಮಾತ್ರ ಪೂರ್ತಿ ಕೆಡುತ್ತದೆ. ಅಲ್ಲಿಯವರೆಗೆ ಹಣ ಯಾರ ಖಾತೆಯಲ್ಲಿರುತ್ತದೆ? ಒಟ್ಟು ಕಡಿತವೆಷ್ಟು? ‘ಶುಲ್ಕವಿಲ್ಲ’ ಎಂದು ಹೇಳಿ, ಕೊಡುವವನ ಬಿಲ್ಲಿಗೇ ವೇದಿಕೆಯ ಕಾಣಿಕೆಯನ್ನು ಸೇರಿಸಿಡುವ ಜಾಲತಾಣಗಳೂ ಇವೆ. ಕೊಟ್ಟವರ ವಿಳಾಸ ನಮಗೆ ಸಿಗುತ್ತದೆಯೇ? ಯುಪಿಐ ಮೂಲಕ ಕೊಡಬಹುದೇ? ವಿವರ ಕನ್ನಡದಲ್ಲಿ ಹಾಕಲು ಬರುತ್ತದೆಯೇ? ಇಷ್ಟಕ್ಕೆ ನೇರ ಉತ್ತರ ಕೊಡದ ಕಟ್ಟೆಯಲ್ಲಿ ಅಂಗಡಿ ಹೂಡಬೇಡಿ.

ಊರವರನ್ನು ಪಾಲುದಾರರನ್ನಾಗಿಯೇ ಮಾಡಿಕೊಳ್ಳಬೇಕೆಂಬ ಹಂಬಲವಿದ್ದರೆ ಅದಕ್ಕೆ ನೇರವಾದ ದಾರಿಯಿದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಇದೆ, 1997ರ ಸೌಹಾರ್ದ ಸಹಕಾರಿ ಕಾಯಿದೆ ಇದೆ. ಬೆಳೆಗಾರರೇ ಆದರೆ ಹತ್ತು ಮಂದಿ ಕೂಡಿ ಉತ್ಪಾದಕರ ಕಂಪನಿ ಕಟ್ಟಬಹುದು. ಸಹಕಾರ ಸಂಘದಲ್ಲಿ ನೂರು ರೂಪಾಯಿ ಹಾಕಿದವನಿಗೂ ಹತ್ತು ಸಾವಿರ ಹಾಕಿದವನಿಗೂ ಒಂದೇ ಮತ. ಸಮಾಜವಾದಿಗಳಾದ ನಮಗೆ ಇದಕ್ಕಿಂತ ಹತ್ತಿರದ ವೇದಿಕೆ ಬೇರೊಂದಿಲ್ಲ. ಲೆಕ್ಕ ಒಪ್ಪಿಸದ ಸಂಘಗಳೂ ನಮ್ಮ ನಾಡಿನಲ್ಲಿವೆ ನಿಜ. ಅದಕ್ಕೆ ಮದ್ದು ಮಹಾಸಭೆಗೆ ತಪ್ಪದೆ ಹೋಗಿ ಪುಸ್ತಕ ಕೇಳುವುದು.

ಕೊನೆಗೆ, ಕೊಡುವವರಾದ ತಮ್ಮಲ್ಲಿ ಒಂದು ಮಾತು. ಮದುವೆಮನೆಯಲ್ಲಿ ಮುಯ್ಯಿ ಕೊಟ್ಟಾಗ ಪುಸ್ತಕದಲ್ಲಿ ಬರೆಸುತ್ತೀರಿ. ಇಲ್ಲಿಯೂ ಬರೆಸಿರಿ. ಇದು ದಾನವೋ, ಮುಂಗಡವೋ, ಸಾಲವೋ, ಪಾಲೋ ಎಂದು ಕೇಳಿರಿ. ಪುಡಿ ಯಾವ ತಿಂಗಳು ಬರುತ್ತದೆ, ಬರದಿದ್ದರೆ ಹಣ ಯಾವಾಗ ಬರುತ್ತದೆ ಎಂದು ಕೇಳಿರಿ. ಹುಡುಗರು ಮುನಿಸಿಕೊಳ್ಳಲಿ, ಚಿಂತೆಯಿಲ್ಲ. ಭವಿಷ್ಯನಿಧಿಯ ಹಣವನ್ನು, ಮಗಳ ಮದುವೆಗಿಟ್ಟ ಹಣವನ್ನು ಇದಕ್ಕೆ ಹಾಕಬೇಡಿ. ಆದರೆ ಒಂದು ಪೊಟ್ಟಣದ ಬೆಲೆಯನ್ನು ಉತ್ತರ ಸರಿಯಾಗಿ ಕೊಟ್ಟವರ ಕೈಗೆ ಸಂತೋಷದಿಂದ ಇಡಿ. ನಮ್ಮ ಗುಡ್ಡದ ಕಾಫಿ ನಮ್ಮ ಮಕ್ಕಳ ಕೈಯಲ್ಲೇ ಹುರಿದು, ನಮ್ಮ ಊರಿನ ಹೆಸರು ಹೊತ್ತು ಹೋಗುವಂತಾಗಲಿ.